ಅಕ್ಷರದ ಬಣ್ಣ, ಹಿನ್ನೆಲೆಯ ಲೆಕ್ಕ

ವೆಬ್ ಬರಹದಲ್ಲಿ #990000 ಎಂಬ ಬಣ್ಣದ ಕೋಡನ್ನು ಸರಿಯಾದ ಜಾಗದಲ್ಲಿ ಬರೆದರೆ ಮುಂದಿನ ವಾಕ್ಯ ಕಡುಗೆಂಪಾಗುತ್ತದೆ. ಅಕ್ಷರಗಳಿಗೆ ಬಣ್ಣ ಕೊಡುವುದು ಇಷ್ಟು ಸುಲಭವಾಗಿರುವುದರಿಂದಲೇ ಒಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಈ ಕೋಡ್ ಅಕ್ಷರ ಯಾವ ಬಣ್ಣದ್ದಾಗಿರಬೇಕೆಂದು ಮಾತ್ರ ಹೇಳುತ್ತದೆ, ಆ ಅಕ್ಷರವನ್ನು ಓದುಗರು ಯಾವ ಬಣ್ಣದ ಹಿನ್ನೆಲೆಯ ಮೇಲೆ ನೋಡುತ್ತಾರೆಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಣ್ಣ ಬಳಸಿದ ಬರಹಗಳು ಓದಲು ಕಷ್ಟವಾಗುವುದಕ್ಕೆ ಮುಖ್ಯ ಕಾರಣ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕೋಡ್‌ನ ರಚನೆಯನ್ನು ನೋಡೋಣ. ಹ್ಯಾಶ್ ಚಿಹ್ನೆಯ ನಂತರದ ಆರು ಸ್ಥಾನಗಳನ್ನು ಎರಡೆರಡಾಗಿ ಓದಬೇಕು. ಮೊದಲ ಜೋಡಿ ಕೆಂಪಿನದು, ಎರಡನೆಯದು ಹಸಿರಿನದು, ಮೂರನೆಯದು ನೀಲಿಯದು. ಎಣಿಕೆ ಹದಿನಾರರ ಪದ್ಧತಿಯಲ್ಲಿ ನಡೆಯುವುದರಿಂದ 9ರ ನಂತರ ಎ, ಬಿ, ಸಿ, ಡಿ, ಇ, ಎಫ್ ಎಂಬ ಇಂಗ್ಲಿಷ್ ಅಕ್ಷರಗಳು ಅಂಕಿಗಳ ಕೆಲಸ ಮಾಡುತ್ತವೆ. ಹೀಗಾಗಿ ಪ್ರತಿಯೊಂದು ಜೋಡಿಗೂ 0ಯಿಂದ 255ರವರೆಗೆ 256 ಮಟ್ಟಗಳಿವೆ, ಮೂರನ್ನೂ ಸೇರಿಸಿದರೆ 1,67,77,216 ಬಣ್ಣಗಳಾಗುತ್ತವೆ. ಇವು ಪರಸ್ಪರ ಬೆರೆಯುವ ಬೆಳಕುಗಳಾದ್ದರಿಂದ ಮೂರೂ ಸೊನ್ನೆಯಾದರೆ ಕಪ್ಪು, ಮೂರೂ ಪೂರ್ಣ ಮಟ್ಟದಲ್ಲಿದ್ದರೆ ಬಿಳಿ, ಮೂರೂ ನಡುವೆ ಎಲ್ಲೋ ಸಮನಾಗಿದ್ದರೆ ಬೂದು. #333333 ಮತ್ತು #808080 ಅಂತಹ ಬೂದು ಬಣ್ಣಗಳು. ಪ್ರತಿ ಜೋಡಿಯಲ್ಲೂ ಒಂದೇ ಅಂಕಿ ಎರಡು ಸಲ ಬಂದಿದ್ದರೆ, ವೆಬ್ ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಎಂಬ ಭಾಷೆಯಲ್ಲಿ ಅದನ್ನು ಮೊಟಕುಗೊಳಿಸಬಹುದು. #990000 ಅನ್ನು #900 ಎಂದು ಬರೆದರೂ ಫಲ ಒಂದೇ.

ಕೋಡ್‌ನ ಬದಲಿಗೆ ಬಣ್ಣದ ಇಂಗ್ಲಿಷ್ ಹೆಸರನ್ನೇ ಬರೆಯುವ ಸೌಲಭ್ಯವೂ ಇದೆ. ವೆಬ್ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 1997ರ 3.2 ಆವೃತ್ತಿಯಲ್ಲಿ ಇಂತಹ ಹದಿನಾರು ಹೆಸರುಗಳಿದ್ದವು. ಈಗ ಸಿಎಸ್‌ಎಸ್ ಗುರುತಿಸುವ ಹೆಸರುಗಳು 148. ಹೆಚ್ಚುವರಿ ಹೆಸರುಗಳಲ್ಲಿ ಬಹುಪಾಲು ಎಕ್ಸ್11 ಎಂಬ ಹಳೆಯ ವಿಂಡೋ ವ್ಯವಸ್ಥೆಯಿಂದ ಬಂದವು, ಮತ್ತು ಎರಡು ಪಟ್ಟಿಗಳನ್ನು ಸೇರಿಸುವಾಗ ಒಂದು ವಿಚಿತ್ರ ಉಳಿದುಕೊಂಡಿತು: 'ಗ್ರೇ' ಎಂದರೆ 128ರ ಮಟ್ಟ, 'ಡಾರ್ಕ್‌ಗ್ರೇ' ಎಂದರೆ 169ರ ಮಟ್ಟ, ಅಂದರೆ ಗಾಢವೆಂದು ಹೆಸರಾದದ್ದೇ ಹೆಚ್ಚು ತೆಳುವಾಗಿದೆ. ಹೆಸರನ್ನು ನಂಬುವುದಕ್ಕಿಂತ ಅಂಕಿಗಳನ್ನು ನಂಬುವುದು ಲೇಸು ಎಂದು ನಾನು ಹೇಳುವುದು ಈ ಕಾರಣಕ್ಕೆ. ಆದರೆ ಒಂದು ಹೆಸರಿನ ಬಗ್ಗೆ ನನಗೆ ವಿಶೇಷ ಗೌರವವಿದೆ. #663399 ಎಂಬ ನೇರಳೆ ಬಣ್ಣಕ್ಕೆ 2014ರಲ್ಲಿ 'ರೆಬೆಕ್ಕಾಪರ್ಪಲ್' ಎಂಬ ಹೆಸರು ಬಂದದ್ದು, ಸಿಎಸ್‌ಎಸ್ ತಜ್ಞ ಎರಿಕ್ ಮೇಯರ್ ಅವರು ಆ ವರ್ಷ ಕಳೆದುಕೊಂಡ ಪುಟ್ಟ ಮಗಳ ನೆನಪಿಗಾಗಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಅಕ್ಷರ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ಅದರ ಬಣ್ಣ ಕೆಂಪೋ ಹಸಿರೋ ಎಂಬುದಕ್ಕಿಂತ ಹೆಚ್ಚಾಗಿ, ಅಕ್ಷರದ ಹೊಳಪಿಗೂ ಹಿನ್ನೆಲೆಯ ಹೊಳಪಿಗೂ ಎಷ್ಟು ಅಂತರವಿದೆ ಎಂಬುದರಿಂದ. ನಮ್ಮ ಕಣ್ಣು ಮೂರು ಬೆಳಕುಗಳಿಗೂ ಸಮನಾಗಿ ಸ್ಪಂದಿಸುವುದಿಲ್ಲ. ಪರದೆಯ ಬಿಳಿಯ ಒಟ್ಟು ಹೊಳಪಿನಲ್ಲಿ ಹಸಿರಿನ ಪಾಲು ಸುಮಾರು ಶೇ. 72, ಕೆಂಪಿನದು ಶೇ. 21, ನೀಲಿಯದು ಶೇ. 7 ಮಾತ್ರ. ಹಳದಿಯೆಂದರೆ ಪರದೆಯ ಮಟ್ಟಿಗೆ ಪೂರ್ಣ ಕೆಂಪು ಮತ್ತು ಪೂರ್ಣ ಹಸಿರು ಕೂಡಿದ್ದು, ಅಂದರೆ ಬಿಳಿಯ ಹೊಳಪಿನ ಶೇ. 93ರಷ್ಟು ಅದರಲ್ಲೇ ಇರುತ್ತದೆ. ಬಿಳಿ ಹಿನ್ನೆಲೆಯ ಮೇಲಿನ ಹಳದಿ ಅಕ್ಷರ ಕಣ್ಣಿಗೆ ಸಿಗದೆ ಹೋಗುವುದಕ್ಕೆ ಇದೇ ಕಾರಣ.

ಈ ಅಂತರವನ್ನು ಅಳೆಯುವ ಒಪ್ಪಿತ ಕ್ರಮವೊಂದಿದೆ. ವೆಬ್ ಪುಟಗಳು ಎಲ್ಲರಿಗೂ ಬಳಸಲು ಸಿಗಬೇಕೆಂದು ರೂಪಿಸಿ 2008ರಲ್ಲಿ ಪ್ರಕಟಿಸಿದ ಡಬ್ಲ್ಯೂಸಿಎಜಿ 2.0 ಎಂಬ ಮಾರ್ಗಸೂಚಿ ಕಾಂಟ್ರಾಸ್ಟ್ ಅನುಪಾತವೆಂಬ ಅಳತೆಯನ್ನು ಕೊಟ್ಟಿತು. ಎರಡು ಬಣ್ಣಗಳು ಒಂದೇ ಹೊಳಪಿನವಾಗಿದ್ದರೆ ಅನುಪಾತ 1, ಕಪ್ಪು ಬಿಳಿಗಳ ನಡುವೆ ಅದು 21. ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಗಳಿಗೆ 3 ಸಾಕು, ಇನ್ನೂ ಕಟ್ಟುನಿಟ್ಟಿನ ಮಟ್ಟ ಬೇಕೆಂದರೆ 7 ಎಂಬುದು ಅದರ ನಿಯಮ. ಬಿಳಿಯ ಮೇಲೆ ಹಳದಿಗೆ ಬರುವುದು 1.07. ಎಚ್ಚರಿಕೆಯ ಮಾತಿಗೆ ಎಲ್ಲರೂ ಮೊದಲು ಆರಿಸುವ ಪೂರ್ಣ ಕೆಂಪು ಬಿಳಿಯ ಮೇಲೆ ಸುಮಾರು 4ಕ್ಕೆ ನಿಂತು ಕನಿಷ್ಠ ಮಟ್ಟವನ್ನೂ ಮುಟ್ಟುವುದಿಲ್ಲ. ಅದೇ ಕೆಂಪನ್ನು #990000ಕ್ಕೆ ಇಳಿಸಿದರೆ ಅನುಪಾತ 8.9ಕ್ಕೆ ಏರುತ್ತದೆ. ಬೂದು ಬಣ್ಣಗಳಲ್ಲಿ #767676 ಬಿಳಿಯ ಮೇಲೆ 4.54 ಪಡೆದು ಉತ್ತೀರ್ಣವಾಗುತ್ತದೆ, ಒಂದೇ ಮೆಟ್ಟಿಲು ತೆಳುವಾದ #777777 ಆಗುವುದಿಲ್ಲ. ಕನ್ನಡದಂತಹ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂರುವುದರಿಂದ ಕನಿಷ್ಠ ಮಟ್ಟಕ್ಕೆ ತೃಪ್ತರಾಗದೆ 7ರ ಹತ್ತಿರಕ್ಕೆ ಹೋಗುವುದು ಒಳ್ಳೆಯದೆಂದು ನಾನು ಭಾವಿಸುತ್ತೇನೆ.

ಹಿನ್ನೆಲೆ ಯಾವಾಗಲೂ ಬಿಳಿಯಾಗಿದ್ದರೆ ಮಾತು ಇಲ್ಲಿಗೇ ಮುಗಿಯುತ್ತಿತ್ತು. ಈಗ ಡಾರ್ಕ್ ಮೋಡ್ ಎಲ್ಲೆಡೆ ಬಳಕೆಯಲ್ಲಿರುವುದರಿಂದ ಒಂದೇ ಬರಹವನ್ನು ಕೆಲವರು ಬಿಳಿಯ ಮೇಲೆ, ಕೆಲವರು ಕಪ್ಪಿನ ಮೇಲೆ ಓದುತ್ತಾರೆ. #000080 ಎಂಬ ಕಡುನೀಲಿಯನ್ನು ತೆಗೆದುಕೊಳ್ಳಿ: ಬಿಳಿಯ ಮೇಲೆ ಅದರ ಅನುಪಾತ 16, ಅತ್ಯುತ್ತಮ, ಕಪ್ಪಿನ ಮೇಲೆ 1.3, ಅಂದರೆ ಅಲ್ಲಿ ಬರಹವೇ ಇಲ್ಲದಂತೆ. ಮೇಲೆ ನಾನು ಹೊಗಳಿದ #990000 ಕೂಡ ಕಪ್ಪಿನ ಮೇಲೆ 2.4ಕ್ಕಿಂತ ಕೆಳಗಿದೆ. ಹಾಗಾದರೆ ಎರಡೂ ಕಡೆ ನಡೆಯುವ ಬಣ್ಣವಿದೆಯೇ? ಶುದ್ಧ ಬಿಳಿ ಮತ್ತು ಶುದ್ಧ ಕಪ್ಪಿನ ನಡುವೆ ಒಂದು ತೀರಾ ಕಿರಿದಾದ ಪಟ್ಟಿಯಿದೆ. #767676 ಎಂಬ ಬೂದು ಅಲ್ಲಿದೆ, #008800 ಎಂಬ ಹಸಿರು ಬಿಳಿಯ ಮೇಲೆ 4.64, ಕಪ್ಪಿನ ಮೇಲೆ 4.52 ಪಡೆಯುತ್ತದೆ. ಆದರೆ ಹಲವು ಡಾರ್ಕ್ ಮೋಡ್‌ಗಳ ಹಿನ್ನೆಲೆ ಶುದ್ಧ ಕಪ್ಪಾಗಿರದೆ #222222ರಂತಹ ಕಡುಬೂದಾಗಿರುತ್ತದೆ. ಆ ಬೂದಿಗೂ ಬಿಳಿಗೂ ನಡುವಿನ ಅನುಪಾತ ಹೆಚ್ಚುಕಡಿಮೆ 16. ಇವೆರಡರ ಸರಿಮಧ್ಯದಲ್ಲಿ ನಿಲ್ಲುವ ಬಣ್ಣಕ್ಕೆ ಎರಡೂ ಕಡೆಯಿಂದ ಸಿಗುವುದು ಅದರ ವರ್ಗಮೂಲ, ಅಂದರೆ ಸುಮಾರು 4. ಹೀಗಾಗಿ ಬಿಳಿಯ ಮೇಲೂ #222222ರ ಮೇಲೂ 4.5ನ್ನು ಮುಟ್ಟುವ ಕೋಡ್ ಒಂದೂ ಇಲ್ಲ. ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣಗಳಲ್ಲಿ ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಅದು ಗಣಿತದ ಮಿತಿ.

ಇದನ್ನು ಅರ್ಥಮಾಡಿಕೊಂಡ ಮೇಲೆ ಬರಹದ ಮುಖ್ಯ ಭಾಗಕ್ಕೆ ಬಣ್ಣದ ಕೋಡ್ ಕೊಡಬಾರದೆಂಬುದು ತಾನಾಗಿಯೇ ಹೊರಡುವ ತೀರ್ಮಾನ. ವಿಶೇಷವಾಗಿ, ಕಪ್ಪು ಅಕ್ಷರ ಬೇಕೆಂದು #000000 ಎಂದು ಬರೆಯುವುದು ನಿರುಪಯೋಗಿಯಷ್ಟೇ ಅಲ್ಲ, ಹಾನಿಕರವೂ ಹೌದು. ಕೋಡ್ ಇಲ್ಲದ ಅಕ್ಷರ ಓದುಗರ ಹಿನ್ನೆಲೆಗೆ ತಕ್ಕಂತೆ ಕಪ್ಪೋ ಬಿಳಿಯೋ ಆಗುತ್ತದೆ, ಕೋಡ್ ಇರುವ ಅಕ್ಷರ ಕಪ್ಪಿನಲ್ಲಿ ಕಪ್ಪಾಗಿ ಮುಳುಗುತ್ತದೆ. ಬಣ್ಣ ಕೊಡಲೇಬೇಕೆಂದಿದ್ದರೆ, ಮತ್ತು ಬರೆಯುವ ವ್ಯವಸ್ಥೆ ಅವಕಾಶ ಕೊಟ್ಟರೆ, ಅಕ್ಷರದ ಬಣ್ಣದ ಜೊತೆಗೆ ಹಿನ್ನೆಲೆಯ ಬಣ್ಣವನ್ನೂ ನಿಗದಿಪಡಿಸುವುದು ಸರಿಯಾದ ದಾರಿ. ಹಿನ್ನೆಲೆ ನಮ್ಮ ಕೈಯಲ್ಲಿಲ್ಲದಿದ್ದರೆ ಒಂದೆರಡು ಪದಗಳಿಗೆ, ಅದೂ ದಪ್ಪಕ್ಷರದಲ್ಲಿ, ಆ ಕಿರಿದಾದ ಪಟ್ಟಿಯೊಳಗಿನ ಬಣ್ಣವನ್ನು ಬಳಸಬಹುದು.

ಕಾಣುವುದು ಒಂದು ಮಾತಾದರೆ, ಅರ್ಥ ತಲುಪುವುದು ಇನ್ನೊಂದು. 'ಕೆಂಪಿನಲ್ಲಿರುವುದನ್ನು ಬಿಡಿ, ಹಸಿರಿನಲ್ಲಿರುವುದನ್ನು ಮಾಡಿ' ಎಂಬ ಸೂಚನೆ, ಕೆಂಪು ಹಸಿರುಗಳನ್ನು ಬೇರ್ಪಡಿಸಲಾಗದವರಿಗೆ ಸೂಚನೆಯೇ ಅಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಇಂತಹ ಬಣ್ಣಗುರುಡು ಸುಮಾರು ಹನ್ನೆರಡು ಜನಕ್ಕೆ ಒಬ್ಬರಲ್ಲಿದೆ. ದೃಷ್ಟಿಯಿಲ್ಲದವರಿಗಾಗಿ ಬರಹವನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್‌ಗಳು ಸಾಮಾನ್ಯವಾಗಿ ಅಕ್ಷರದ ಬಣ್ಣವನ್ನು ಹೇಳುವುದಿಲ್ಲ. ಬರಹವನ್ನು ಸರಳ ಪಠ್ಯವಾಗಿ ನಕಲಿಸಿದರಂತೂ ಬಣ್ಣ ಪೂರ್ತಿಯಾಗಿ ಉದುರಿಹೋಗುತ್ತದೆ. ಆದ್ದರಿಂದ ಎಚ್ಚರಿಕೆಯ ಸಾಲನ್ನು ಕೆಂಪು ಮಾಡುವ ಮೊದಲು ಅದರ ಆರಂಭದಲ್ಲಿ 'ಎಚ್ಚರಿಕೆ' ಎಂಬ ಪದವನ್ನೇ ಬರೆಯಬೇಕು. ಹಾಗೆಯೇ ಸಾಮಾನ್ಯ ಪದಗಳಿಗೆ ನೀಲಿ ಕೊಟ್ಟು ಅಡಿಗೆರೆ ಎಳೆದರೆ ಓದುಗರು ಅದನ್ನು ಲಿಂಕ್ ಎಂದು ತಿಳಿದು ಒತ್ತುತ್ತಾರೆ.

ತಾಂತ್ರಿಕವಾಗಿ ನೆನಪಿಡಬೇಕಾದದ್ದು ಸ್ವಲ್ಪವೇ. ಬಣ್ಣ ಎಲ್ಲಿಂದ ಎಲ್ಲಿಯವರೆಗೆ ಎಂದು ಸೂಚಿಸುವ ಗುರುತಾದ ಟ್ಯಾಗನ್ನು ತೆರೆದ ಮೇಲೆ ಮುಚ್ಚಬೇಕು, ಇಲ್ಲದಿದ್ದರೆ ಬಣ್ಣ ಅನೇಕ ವೇಳೆ ಕೊನೆಯ ಸಾಲಿನವರೆಗೂ ಹರಿಯುತ್ತದೆ. ದಪ್ಪಕ್ಷರ ಮತ್ತು ಬಣ್ಣ ಎರಡನ್ನೂ ಬಳಸುವಾಗ ಕೊನೆಯಲ್ಲಿ ತೆರೆದದ್ದನ್ನು ಮೊದಲು ಮುಚ್ಚಬೇಕು. ಬರೆದು ಮುಗಿಸಿದ ಮೇಲೆ ಪರದೆಯನ್ನು ಒಮ್ಮೆ ಬಿಳಿ ಹಿನ್ನೆಲೆಗೆ, ಒಮ್ಮೆ ಡಾರ್ಕ್ ಮೋಡ್‌ಗೆ, ಇನ್ನೊಮ್ಮೆ ಬಣ್ಣವಿಲ್ಲದ ಕಪ್ಪುಬಿಳುಪಿಗೆ ಬದಲಿಸಿ ಓದಿ ನೋಡುವುದು ಕೆಲವೇ ನಿಮಿಷಗಳ ಕೆಲಸ. ಮೂರರಲ್ಲಿ ಯಾವುದಾದರೂ ಒಂದರಲ್ಲಿ ಒಂದು ಪದ ಮಸುಕಾದರೆ ಆ ಪದದ ಕೋಡನ್ನು ತೆಗೆದುಹಾಕಬಹುದು.