ಅದು ನಮ್ಮ ಯಾವ ದೇವರೂ ಅಲ್ಲ

ಸಿಂಗಪುರಕ್ಕೆ ಬಂದ ನೆಂಟರನ್ನೆಲ್ಲ ನಾನು ತೆಲೊಕ್ ಆಯರ್ ಬೀದಿಯ ಥಿಯಾನ್ ಹಾಕ್ ಕೆಂಗ್ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಒಳಗೆ ಕಾಲಿಟ್ಟು ಎರಡು ನಿಮಿಷ ಆಗಿರುವುದಿಲ್ಲ, ಪ್ರಶ್ನೆ ಬಂದೇಬಿಡುತ್ತದೆ: "ಇದು ನಮ್ಮ ಯಾವ ದೇವರು?" ಹೇಳಿ ಹೇಳಿ ಬಾಯಿ ನೋವು ಬಂದಿದೆ. ಲಕ್ಷ್ಮಿ ಅಲ್ಲ, ದುರ್ಗೆಯೂ ಅಲ್ಲ. ಅವಳ ಹೆಸರು ಮಾಜು, ಚೀನೀಯರ ಕಡಲಿನ ದೇವಿ. ಮುಗಿಯಿತಾ?

ಮುಗಿಯುವುದಿಲ್ಲ. ಹೋದ ವರ್ಷ ದೊಡ್ಡಮ್ಮ ಬಂದಿದ್ದರು. ಮಾಜುವಿನ ಕಿರೀಟದಿಂದ ಮುಖದ ಮುಂದೆ ಮಣಿಸರ ಇಳಿಬಿದ್ದಿರುತ್ತದೆ, ಚೀನಾದ ಅರಸರಿಗೆ ಇರುತ್ತಿದ್ದ ಥರ. ದೊಡ್ಡಮ್ಮ ಕತ್ತು ಬಗ್ಗಿಸಿ ಸಂದಿಯಿಂದ ಇಣುಕಿ, "ಬಾಸಿಂಗ ಕಟ್ಟಿದ್ದಾರೆ ನೋಡು, ಗಂಡ ಯಾರು?" ಅಂದರು. ಮದುವೆಯೇ ಆಗಲಿಲ್ಲ ದೊಡ್ಡಮ್ಮ, ಅಂದೆ. "ಹಾಗಾದ್ರೆ ಕನ್ಯಾಕುಮಾರಿ" ಅಂತ ಕೈ ಮುಗಿದು ಮುಂದೆ ಹೋದರು.

ನಗು ಬಂತು ನಿಜ, ಆದರೆ ಸಿಟ್ಟು ಬರುವುದೂ ಇಲ್ಲೇ. ಎಲ್ಲವನ್ನೂ ನಮ್ಮ ಲೆಕ್ಕಕ್ಕೆ ಬರೆದುಕೊಂಡರೆ ಆ ಹುಡುಗಿಯ ಕಥೆ ಕೇಳುವವರು ಯಾರು? ಹೌದು, ಹುಡುಗಿಯೇ. ಚೀನಾದ ಫುಜಿಯನ್ ತೀರದ ಮೇಝೌ ದ್ವೀಪದವಳು, 960ರಲ್ಲಿ ಹುಟ್ಟಿದವಳು ಅನ್ನುತ್ತಾರೆ. ಹುಟ್ಟಿದಾಗ ಅಳಲೇ ಇಲ್ಲವಂತೆ, ಅದಕ್ಕೇ ಲಿನ್ ಮೊ ಅಂತ ಹೆಸರು. ಮೊ ಅಂದರೆ ಮೌನ. ಒಂದು ದಿನ ಮಗ್ಗದ ಮುಂದೆ ಕೂತಲ್ಲೇ ಮೈಮರೆತು, ಬಿರುಗಾಳಿಗೆ ಸಿಕ್ಕ ಅಪ್ಪನನ್ನೂ ಅಣ್ಣಂದಿರನ್ನೂ ಎಳೆದು ತರುತ್ತಿದ್ದಳಂತೆ. ಅಮ್ಮ ಗಾಬರಿಯಾಗಿ ಅಲುಗಾಡಿಸಿದ್ದಕ್ಕೆ ಒಬ್ಬ ಕೈ ತಪ್ಪಿ ಹೋದ. ಯಾರು ಅನ್ನುವುದು ಹೇಳುವವರ ಮೇಲೆ: ಕೆಲವರಿಗೆ ಅಪ್ಪ, ಕೆಲವರಿಗೆ ಅಣ್ಣ. ಅವಳು 987ರಲ್ಲಿ ತೀರಿಕೊಂಡಳು. ದ್ವೀಪದ ಜನ ಒಂದು ಚಿಕ್ಕ ಗುಡಿ ಕಟ್ಟಿದರು. ಆಮೇಲೆ ಮೀನುಗಾರರು ಹೋದಲ್ಲೆಲ್ಲ ಅವಳೂ ಹೋದಳು. 1123ರಲ್ಲಿ ಕೊರಿಯಾಕ್ಕೆ ಹೊರಟ ರಾಯಭಾರಿಯ ಹಡಗು ಬಿರುಗಾಳಿಯಲ್ಲಿ ಉಳಿದಿದ್ದು ಅವಳಿಂದ ಅಂತ ಚೀನಾದ ದೊರೆಯೇ ಗುಡಿಗೆ ಫಲಕ ಕೊಟ್ಟ. ಕಲ್ಲಿಕೋಟೆಗೆ ಬಂದು ಹೋಗಿದ್ದ ಚೀನಾದ ನೌಕಾಪಡೆಯ ಮುಖ್ಯಸ್ಥ ಝೆಂಗ್ ಹೆ 1431ರಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದಾನೆ: ಹಾಯಿಕಂಬದಲ್ಲಿ ಅವಳ ದೀಪ ಕಂಡರೆ ಅಪಾಯ ಕಳೆಯಿತು ಅಂತ.

ಇಷ್ಟೆಲ್ಲ ಬಿಡಿ. ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿರುವ ಪ್ರಶ್ನೆ ಬೇರೆ: ಕಡಲಿನ ದೇವಿಗೆ ಆಫೀಸು ಕಟ್ಟಡಗಳ ನಡುವೆ ಏನು ಕೆಲಸ? ತೆಲೊಕ್ ಆಯರ್ ಅಂದರೆ ಮಲಯ್ ಭಾಷೆಯಲ್ಲಿ ನೀರಿನ ಕೊಲ್ಲಿ. 1839ರಿಂದ 1842ರವರೆಗೆ ಈ ಗುಡಿ ಕಟ್ಟಿದಾಗ ಎದುರಿಗೇ ಸಮುದ್ರ ಇತ್ತು. ಜೀವಂತವಾಗಿ ದಡ ಮುಟ್ಟಿದವರು ನೇರ ಇಲ್ಲಿಗೇ ಬಂದು ಊದುಬತ್ತಿ ಹಚ್ಚುತ್ತಿದ್ದರು. ಅದೇ ಬೀದಿಯಲ್ಲಿ ತಮಿಳು ಮುಸ್ಲಿಮರು ಕಟ್ಟಿದ ನಾಗೂರು ದರ್ಗಾ ಇದೆ, ಅವರೂ ಕಡಲು ದಾಟಿ ಬಂದವರೇ. ಆಮೇಲೆ ಸಮುದ್ರಕ್ಕೆ ಮಣ್ಣು ತುಂಬಿದರು, ನೀರು ದೂರ ಹೋಯಿತು, ಅವಳು ಮಾತ್ರ ಅಲ್ಲೇ ಉಳಿದಳು.

ಮುಂದಿನ ತಿಂಗಳು ಚಿಕ್ಕಪ್ಪನ ಮನೆಯವರು ಬರುತ್ತಾರೆ. ಇದನ್ನು ಮೊದಲೇ ಕಳಿಸುತ್ತೇನೆ. ಚಪ್ಪಲಿ ಬಿಡಬೇಕಿಲ್ಲ. ಹೊಸಿಲು ಎತ್ತರ ಇದೆ, ತುಳಿಯದೆ ದಾಟಿ ಬನ್ನಿ. ಅದನ್ನು ನಿಮಗೆ ಹೇಳಿಕೊಡಬೇಕಿಲ್ಲ, ಅಲ್ವಾ?