ಅಮೆರಿಕದ ಆಕಾಶದಲ್ಲಿ ಕಂಡದ್ದನ್ನು ಯಾರಿಗೆ ಹೇಳಬಹುದು?

ಅಮೆರಿಕದಲ್ಲಿ ಹಾರುವ ತಟ್ಟೆ ಕಂಡವರ ಬಾಯಿಯನ್ನು ಸರ್ಕಾರ ಮುಚ್ಚಿಸುತ್ತದೆ ಎಂಬ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಸಾಮಾನ್ಯ ಜನರಿಗೆ, ವೀಸಾದ ಮೇಲೆ ಬಂದವರಿಗೂ ಸೇರಿ, ಅಂಥ ಕಟ್ಟುಪಾಡು ಇಲ್ಲಿಲ್ಲ. ಆಕಾಶದಲ್ಲಿ ಕಂಡದ್ದನ್ನು ಯಾರ ಹತ್ತಿರ ಬೇಕಾದರೂ ಹೇಳಿಕೊಳ್ಳಬಹುದು. ಕ್ಯಾಮೆರಾವನ್ನು ಸೇನಾ ನೆಲೆಯ ಕಡೆ ತಿರುಗಿಸಿದರೆ ಮಾತ್ರ ಬೇರೆ ಕಾನೂನು.

ಆ ಮಾತು ಹುಟ್ಟಿದ್ದು 1950ರ ದಶಕದಲ್ಲಿ. ಆಗಿನ ವಾಯುಪಡೆ ನಿಯಮ 200-2ರ ಪ್ರಕಾರ, ಗುರುತು ಸಿಕ್ಕ ವಸ್ತುವಿನ ವಿಷಯವನ್ನಷ್ಟೇ ಪತ್ರಿಕೆಗಳಿಗೆ ಹೇಳಬಹುದಿತ್ತು; ಸಿಗದ್ದು ಒಳಗೇ ಉಳಿಯುತ್ತಿತ್ತು. ಹಾರುವ ತಟ್ಟೆಗಳ ವರದಿಗಳನ್ನು ತನಿಖೆ ಮಾಡುತ್ತಿದ್ದ ವಾಯುಪಡೆಯ ಬ್ಲೂ ಬುಕ್ ಯೋಜನೆ 1969ರಲ್ಲಿ ಮುಚ್ಚಿದಾಗ 12,618 ವರದಿಗಳಲ್ಲಿ 701ಕ್ಕೆ ಉತ್ತರ ಸಿಕ್ಕಿರಲಿಲ್ಲ.

ಈಗ ಪೈಲಟ್ ಏರ್ ಟ್ರಾಫಿಕ್ ಕಂಟ್ರೋಲ್‌ಗೆ ಹೇಳಿದ್ದು ನಾಗರಿಕ ವಿಮಾನಯಾನ ಸಂಸ್ಥೆ ಎಫ್‌ಎಎ ಮೂಲಕ ರಕ್ಷಣಾ ಇಲಾಖೆಯ 'ಆರೋ' ಕಚೇರಿಗೆ ಹೋಗುತ್ತದೆ; ಗುರುತು ಸಿಗದ ವಸ್ತುಗಳ ತನಿಖೆ ಅದರ ಕೆಲಸ. ಇಂಥ ವಸ್ತುಗಳ ಕುರಿತ 1945ರಿಂದೀಚೆಗಿನ ಸರ್ಕಾರಿ ಕಾರ್ಯಕ್ರಮಗಳನ್ನು ನೇರವಾಗಿ ಬಲ್ಲ ನೌಕರರು, ಸೈನಿಕರು, ಗುತ್ತಿಗೆದಾರರು ಆರೋದ ವೆಬ್‌ಸೈಟಿನಲ್ಲಿ ಫಾರ್ಮ್ ತುಂಬಬಹುದು. ಎಡವುವುದು ಇಲ್ಲೇ. ಆ ಫಾರ್ಮ್ ಇರುವುದು ಸಂಪರ್ಕಕ್ಕೆ ಮಾತ್ರ. ಗೋಪ್ಯ ವಿವರವನ್ನು ಅದರಲ್ಲಿ ಬರೆದರೆ ಬರೆದದ್ದೇ ತಪ್ಪಾಗುತ್ತದೆ. ಅದನ್ನು ಮುಂದೆ ಮುಖತಃ, ಭದ್ರ ಕೊಠಡಿಯಲ್ಲಿ ಹೇಳಬೇಕು. 2022ರ ಡಿಸೆಂಬರಿನಲ್ಲಿ ಸಹಿಯಾದ ರಕ್ಷಣಾ ಕಾಯ್ದೆಯ ಪ್ರಕಾರ, ಹಿಂದೆ ಸಹಿ ಹಾಕಿದ ಗೋಪ್ಯತಾ ಒಪ್ಪಂದ ಈ ದಾರಿಗೆ ಅಡ್ಡ ಬರುವುದಿಲ್ಲ, ಹೇಳಿದವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ಅದೇ ಮಾತನ್ನು ಪತ್ರಕರ್ತರಿಗೆ ಹೇಳಿದರೆ ಈ ರಕ್ಷಣೆ ಇಲ್ಲ.

ಬಹುತೇಕ ಸಂದರ್ಭಗಳಲ್ಲಿ ಮುಚ್ಚಿಡುವುದು ಕಂಡ ವಸ್ತುವನ್ನಲ್ಲ, ಕಂಡ ಕಣ್ಣನ್ನು: ರಾಡಾರ್ ಎಷ್ಟು ದೂರ ನೋಡುತ್ತದೆ, ಕ್ಯಾಮೆರಾ ಎಷ್ಟು ಸ್ಪಷ್ಟ ಎಂಬುದನ್ನು. ತೊಂದರೆಯೆಂದರೆ ಒಗಟು ಬಿಡಿಸುವ ಅಂಕಿಗಳೂ ಅವೇ. ನೌಕಾಪಡೆಯ 'ಗೋಫಾಸ್ಟ್' ವಿಡಿಯೊ ನೋಡಿ. ಬಿಳಿ ಚುಕ್ಕೆಯೊಂದು ಕಡಲಿಗೆ ತಾಗಿಯೇ ಬಾಣದಂತೆ ಓಡಿದ ಹಾಗೆ ಕಾಣುತ್ತದೆ. ಪರದೆಯ ಮೇಲಿದ್ದ ಎತ್ತರ, ದೂರ, ಕೋನದ ಅಂಕಿಗಳನ್ನು ಹಿಡಿದು 2023ರಲ್ಲಿ ನಾಸಾ ಸಮಿತಿ ಲೆಕ್ಕ ಹಾಕಿದಾಗ ಅದಿದ್ದದ್ದು ಸುಮಾರು 13,000 ಅಡಿ ಎತ್ತರದಲ್ಲಿ, ವೇಗ ಗಂಟೆಗೆ ಸುಮಾರು 40 ಮೈಲಿ. ಆ ಅಂಕಿಗಳಿಗೆ ಮಸಿ ಬಳಿದಿದ್ದರೆ ಈ ಲೆಕ್ಕಕ್ಕೆ ದಾರಿಯೇ ಇರುತ್ತಿರಲಿಲ್ಲ.

ದಾಖಲೆ ಬೇಕಾದವರು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಅರ್ಜಿ ಹಾಕಬಹುದು. ಅಮೆರಿಕದ ಪ್ರಜೆಯೇ ಆಗಬೇಕೆಂದಿಲ್ಲ. 'ಎಲ್ಲ ಕಡತ ಕೊಡಿ' ಎಂದರೆ ಅರ್ಜಿ ವರ್ಷಗಟ್ಟಲೆ ಕೊಳೆಯುತ್ತದೆ. ದಿನಾಂಕ, ಸ್ಥಳ, ಯಾವ ಘಟಕ ಎಂದು ಬಿಡಿಸಿ ಬರೆಯಿರಿ. ಉತ್ತರಕ್ಕೆ ಕಾನೂನು ಕೊಟ್ಟ ಗಡುವು 20 ಕೆಲಸದ ದಿನ. ನಿರಾಕರಿಸಿದರೆ ಮೇಲ್ಮನವಿಗೆ ಕನಿಷ್ಠ 90 ದಿನ ಸಿಗುತ್ತದೆ. ಅದರಲ್ಲಿ 2009ರ ಅಧ್ಯಕ್ಷೀಯ ಆದೇಶ 13526ರ 1.7ನೇ ವಿಭಾಗವನ್ನು ಉಲ್ಲೇಖಿಸಿ: ಮುಜುಗರ ತಪ್ಪಿಸಿಕೊಳ್ಳಲು ಯಾವುದನ್ನೂ ಗೋಪ್ಯವೆಂದು ಗುರುತಿಸುವಂತಿಲ್ಲ.