ನಾಲ್ಕನೆಯ ಬೀದಿಯ ವರ್ತಕನ ಮನೆ

19 ಮೇ 2024, ಭಾನುವಾರ
ಜರ್ಸಿ ಸಿಟಿ

ನನ್ನ ಅಜ್ಜನಿಗೆ ದಾವಣಗೆರೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇತ್ತು. ಮೊಳೆ, ಚಿಲಕ, ಕೀಲು, ಬೀಗಗಳನ್ನು ಮಾರಿ ಕಟ್ಟಿಸಿದ ಆ ಮನೆ ಅವರು ತೀರಿಕೊಂಡ ಮೇಲೆ ಮೂರು ಪಾಲಾಯಿತು. ಈಗ ಅದರ ಪಡಸಾಲೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಆದ್ದರಿಂದ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಕಬ್ಬಿಣದ ಸಾಮಾನಿನ ವರ್ತಕನೊಬ್ಬನ ಮನೆಯನ್ನು ಪೀಠೋಪಕರಣ ಸಮೇತ ಹಾಗೆಯೇ ಉಳಿಸಿಕೊಂಡಿದ್ದಾರೆ ಎಂದು ಮಗಳು ಹೇಳಿದಾಗ, ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ಇನ್ನೊಂದು ವಾರಕ್ಕೆ ಮುಂದೂಡಿ ಮೊದಲು ಇದನ್ನೇ ನೋಡೋಣ ಎಂದೆ. ಪಾಥ್ ರೈಲಿನಲ್ಲಿ ಒಂಬತ್ತನೆಯ ಬೀದಿಯವರೆಗೆ ಹೋಗಿ, ವಾಷಿಂಗ್ಟನ್ ಚೌಕವನ್ನು ದಾಟಿ ನಡೆದೆವು. ಈಸ್ಟ್ ಫೋರ್ತ್ ಸ್ಟ್ರೀಟಿನ 29ನೆಯ ನಂಬರಿನ ಈ ಕೆಂಪು ಇಟ್ಟಿಗೆಯ ಮನೆಗೆ 'ಮರ್ಚಂಟ್ಸ್ ಹೌಸ್ ಮ್ಯೂಸಿಯಂ' ಎಂದೇ ಹೆಸರು.

ಟೋಪಿ ತಯಾರಿಸುತ್ತಿದ್ದ ಜೋಸೆಫ್ ಬ್ರೂಸ್ಟರ್ ಎಂಬಾತ 1832ರಲ್ಲಿ ಇದನ್ನು ಕಟ್ಟಿಸಿದ. 1835ರಲ್ಲಿ 18,000 ಡಾಲರ್ ಕೊಟ್ಟು ಕೊಂಡುಕೊಂಡವನು ಸೀಬರಿ ಟ್ರೆಡ್‌ವೆಲ್. ಇಂಗ್ಲೆಂಡಿನಿಂದ ಕಬ್ಬಿಣದ ಸಾಮಾನು ತರಿಸಿ ಮಾರಿ ಸಾಕಷ್ಟು ಸಂಪಾದಿಸಿದ್ದ ಆತ ಐವತ್ತೈದರ ಆಸುಪಾಸಿನಲ್ಲಿ ವ್ಯಾಪಾರದಿಂದ ನಿವೃತ್ತನಾಗಿ, ಬಂದರಿನ ಗದ್ದಲದಿಂದ ದೂರವಿದ್ದ ಈ ಬಡಾವಣೆಗೆ ಹೆಂಡತಿ ಎಲೈಜಾ ಮತ್ತು ಮಕ್ಕಳೊಡನೆ ಬಂದ. ಅಂಗಡಿಯ ಹಿಂದೆಯೇ ಮನೆ ಮಾಡಿಕೊಂಡು ಕೊನೆಯವರೆಗೂ ಗಲ್ಲಾ ಬಿಟ್ಟು ಏಳದ ನನ್ನ ಅಜ್ಜನಿಗೆ ಇದು ವಿಚಿತ್ರವೆನಿಸುತ್ತಿತ್ತೇನೋ.

ಮೆಟ್ಟಿಲು ಹತ್ತಿ ಒಳಗೆ ಹೋದರೆ ಮೊದಲು ಕಾಣುವುದು ಒಂದರ ಹಿಂದೊಂದು ಇರುವ ಎರಡು ಹಜಾರಗಳು. ನಡುವೆ ಗ್ರೀಕ್ ಶೈಲಿಯ ಜೋಡಿ ಕಂಬಗಳು, ಗೋಡೆಯೊಳಕ್ಕೆ ಸರಿದು ಮರೆಯಾಗುವ ಮಹಾಗನಿ ಬಾಗಿಲುಗಳು, ಎರಡೂ ಕಡೆ ಒಂದೇ ಬಗೆಯ ಕಪ್ಪು ಅಮೃತಶಿಲೆಯ ಬೆಂಕಿಗೂಡು, ಒಂದೇ ಬಗೆಯ ಗ್ಯಾಸ್ ದೀಪದ ಗೊಂಚಲು. ಎಲ್ಲರೂ ಕತ್ತೆತ್ತಿ ಚಾವಣಿಯ ಗಾರೆಯ ಕುಸುರಿಯನ್ನು ನೋಡುತ್ತಿದ್ದಾಗ ನಾನು ಬಗ್ಗಿ ಬಾಗಿಲಿನ ಬೀಗವನ್ನು ನೋಡುತ್ತಿದ್ದೆ. ಹುಟ್ಟಿನಿಂದ ಬಂದ ಚಾಳಿ. ನಿಜ ಹೇಳಬೇಕೆಂದರೆ ಆ ಹಜಾರಗಳು ನನಗೆ ಅಷ್ಟೇನೂ ಹಿಡಿಸಲಿಲ್ಲ. ಬಂದವರ ಎದುರು ನಡೆದುಕೊಳ್ಳುವುದಕ್ಕೆಂದೇ ಮಾಡಿದ ಜಾಗದಲ್ಲಿ ಮನೆಯವರ ಗುರುತು ಸಿಗುವುದಿಲ್ಲ.

ಗುರುತು ಸಿಕ್ಕಿದ್ದು ಮೇಲಂತಸ್ತಿನಲ್ಲಿ, ನಾಲ್ಕು ಕಂಬದ ಪರದೆ ಮಂಚಗಳ ನಡುವೆ. ಟ್ರೆಡ್‌ವೆಲ್‌ನ ಎಂಟು ಮಕ್ಕಳಲ್ಲಿ ಕೊನೆಯವಳಾದ ಗರ್ಟ್ರೂಡ್ 1840ರಲ್ಲಿ ಇದೇ ಮನೆಯಲ್ಲಿ ಹುಟ್ಟಿ, ಮದುವೆಯಾಗದೆ, 1933ರಲ್ಲಿ ಇದೇ ಮನೆಯಲ್ಲಿ ತೀರಿಕೊಂಡಳು. ಅವಳು ಒಲಿದವನನ್ನು ತಂದೆ ಒಪ್ಪಲಿಲ್ಲವೆಂಬ ಕತೆಯೂ, ಅವಳ ದೆವ್ವ ಈಗಲೂ ಓಡಾಡುತ್ತದೆಂಬ ಕತೆಯೂ ಚಾಲ್ತಿಯಲ್ಲಿವೆ. ಎರಡಕ್ಕೂ ನಾನು ಬೆಲೆ ಕೊಡಲಾರೆ. ನನ್ನನ್ನು ತಟ್ಟಿದ್ದು ಬೇರೆ ಸಂಗತಿ. ಶ್ರೀಮಂತರೆಲ್ಲ ಉತ್ತರದ ಬಡಾವಣೆಗಳಿಗೆ ಹೊರಟುಹೋಗಿ, ಸುತ್ತಲೂ ಕಾರ್ಖಾನೆ ಗೋದಾಮುಗಳು ತಲೆಯೆತ್ತಿ, ಕೈಯಲ್ಲಿನ ದುಡ್ಡು ಕರಗುತ್ತ ಬಂದರೂ ಅವಳು ಮನೆ ಬಿಡಲಿಲ್ಲ, ತಂದೆಯ ಕಾಲದ ಕುರ್ಚಿಯನ್ನೂ ಬದಲಿಸಲಿಲ್ಲ. ಮನೆ ಉಳಿದದ್ದು ಯಾರೋ ಮುಂದಾಲೋಚಿಸಿ ಉಳಿಸಿದ್ದರಿಂದಲ್ಲ, ಪಾಲು ಕೇಳುವವರಿಲ್ಲದ್ದರಿಂದ ಮತ್ತು ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ್ದರಿಂದ. ಅವಳ ನಂತರ ದೂರದ ಸಂಬಂಧಿ ಜಾರ್ಜ್ ಚಾಪ್‌ಮನ್ ಹರಾಜಿನ ಬಾಯಿಂದ ಇದನ್ನು ತಪ್ಪಿಸಿ 1936ರಲ್ಲಿ ಸಂಗ್ರಹಾಲಯವಾಗಿ ತೆರೆದರು. 1965ರಲ್ಲಿ ನಗರದ ಪಾರಂಪರಿಕ ಕಟ್ಟಡಗಳ ಮೊದಲ ಪಟ್ಟಿಗೆ ಇದೂ ಸೇರಿತು.

ತುತ್ತತುದಿಯಲ್ಲಿ ಐರ್ಲೆಂಡಿನಿಂದ ಬಂದ ಕೆಲಸದ ಹೆಣ್ಣುಮಕ್ಕಳ ಇಕ್ಕಟ್ಟಿನ ಕೋಣೆಗಳಿವೆ. ಅಲ್ಲಿಂದ ಕೆಳಗಿನ ಅಡುಗೆಮನೆಗೆ ಇಳಿಯುವಷ್ಟರಲ್ಲಿ ನನ್ನ ಮಂಡಿ ಮಾತಾಡತೊಡಗಿತ್ತು. ಕಲ್ಲಿದ್ದಲ ಬುಟ್ಟಿ, ನೀರಿನ ಕೊಡ ಹೊತ್ತು ದಿನಕ್ಕೆ ಎಷ್ಟು ಸಲ ಆ ಮೆಟ್ಟಿಲುಗಳನ್ನು ಅವರು ಹತ್ತಿದ್ದರೋ!

ಅಡುಗೆಮನೆಯ ಹಿಂಬಾಗಿಲು ತೆರೆದರೆ ತೋಟ. ಎರಡು ಕಡೆ ಎತ್ತರದ ಗೋಡೆ, ಹಾಸುಗಲ್ಲಿನ ದಾರಿ, ಪಾತಿಗಳಲ್ಲಿ ಹೂಗಿಡ, ಕೂರಲು ಕಬ್ಬಿಣದ ಆಸನ. ಮಗಳು "ಅಪ್ಪ, ಎಷ್ಟು ನೆಮ್ಮದಿಯಾಗಿದೆ ಅಲ್ವಾ" ಎಂದಳು. ನೆಮ್ಮದಿಯೇನೋ ಹೌದು, ಆದರೆ ಟ್ರೆಡ್‌ವೆಲ್‌ರ ಕಾಲದಲ್ಲಿ ಇದು ನಮ್ಮ ಹಿತ್ತಿಲಿನಂಥ ಹಿತ್ತಿಲು. ಕಕ್ಕಸು ಇದ್ದದ್ದು ಇಲ್ಲೇ. ನೆಲದಡಿಯಲ್ಲಿ ಸುಮಾರು 4,000 ಗ್ಯಾಲನ್, ಅಂದರೆ ಹದಿನೈದು ಸಾವಿರ ಲೀಟರ್ ಹಿಡಿಯುವ ತೊಟ್ಟಿಯಿದೆ. ಸೂರಿನ ಮಳೆನೀರು ಅದಕ್ಕೆ ಇಳಿಯುತ್ತಿತ್ತು, ಅಲ್ಲಿಂದ ಪಂಪು ಹೊಡೆದು ಅಡುಗೆಮನೆಗೆ ಎತ್ತುತ್ತಿದ್ದರು. ಕ್ರೋಟನ್ ನದಿಯ ನೀರು ಕಾಲುವೆಯಲ್ಲಿ ನಗರಕ್ಕೆ ಬಂದದ್ದು ಮನೆ ಕಟ್ಟಿ ಹತ್ತು ವರ್ಷವಾದ ಮೇಲೆ, 1842ರಲ್ಲಿ. ಹೂವಿನ ಪಾತಿಯ ಕೆಳಗೆ ಅಷ್ಟು ದೊಡ್ಡ ತೊಟ್ಟಿ ಇದೆಯೆಂದು ತಿಳಿದ ಮೇಲೆ ನನಗೆ ಹೂಗಳಿಗಿಂತ ಅದೇ ಹೆಚ್ಚಾಗಿ ಕಾಣತೊಡಗಿತು. ನಮ್ಮ ಹಿತ್ತಿಲಿನಲ್ಲಿ ಬಾವಿಯ ಪಕ್ಕ ಪಾತ್ರೆ ತಿಕ್ಕುವ ಕಲ್ಲು, ಅದರ ನೀರು ಹರಿದು ಹೋಗುವಲ್ಲಿ ಬಾಳೆ, ಕೆಸು ಇದ್ದವು. ಅದನ್ನು ತೋಟವೆಂದು ಯಾರೂ ಕರೆಯುತ್ತಿರಲಿಲ್ಲ.

ಪಶ್ಚಿಮಕ್ಕಿರುವ ಪಕ್ಕದ ಜಾಗದಲ್ಲಿ ಎಂಟಂತಸ್ತಿನ ಕಟ್ಟಡ ಎಬ್ಬಿಸುವ ಪ್ರಯತ್ನ ಹತ್ತು ವರ್ಷಕ್ಕೂ ಮಿಕ್ಕಿ ನಡೆದಿದೆ. ಅಡಿಪಾಯ ತೋಡುವಾಗಿನ ಅದುರಿಗೆ ಹಜಾರದ ಗಾರೆಯ ಕೆಲಸ ಉದುರೀತೆಂಬುದು ಸಂಗ್ರಹಾಲಯದವರ ದೊಡ್ಡ ಭಯ. ನಾಲ್ಕು ಗಂಟೆಯ ಬಿಸಿಲು ಆ ಕಡೆಯ ಗೋಡೆಯನ್ನು ದಾಟಿ ನಮ್ಮ ಆಸನದ ಮೇಲೆ ಬೀಳುತ್ತಿತ್ತು. ಎಂಟಂತಸ್ತು ಎದ್ದರೆ ಈ ಬಿಸಿಲು ಎಷ್ಟು ಹೊತ್ತಿಗೇ ಹೋಗಬಹುದೆಂದು ಮಗಳೂ ನಾನೂ ಕೈ ಅಡ್ಡ ಹಿಡಿದು ಅಳೆದೆವು. ಮಧ್ಯಾಹ್ನ ಒಂದಕ್ಕೆ ಎಂದು ಅವಳು, ಎರಡಾದರೂ ಆದೀತು ಎಂದು ನಾನು. ಅಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಯಿತೆಂದು ಒಳಗಿನಿಂದ ಕರೆದರು.